ಮೀನಿಗಿಂತ ಮೊದಲು ನೀರು

ಮಗಳೇ, ಮನೆಯಲ್ಲೊಂದು ಹವಳದ ತೊಟ್ಟಿ ಮಾಡಬೇಕೆಂದು ನೀನು ಹೊರಟಿರುವುದು ನನಗೆ ನಿಜಕ್ಕೂ ಸಂತೋಷದ ಸಂಗತಿ. ಅಂಗಡಿಗೆ ಹೋಗುವ ಮೊದಲು ಈ ಚಿಕ್ಕಪ್ಪನ ಮಾತು ಸ್ವಲ್ಪ ಕೇಳು. ಅಲ್ಲಿ ನೀಲಿ ಬೆಳಕಿನ ಕೆಳಗೆ ಮೀನು, ಹವಳ, ಏಡಿ, ಸೀಗಡಿ ಎಲ್ಲ ಒಟ್ಟಿಗೆ ಕಣ್ಣಿಗೆ ಬೀಳುತ್ತವೆ. ಗಾಜಿನ ತೊಟ್ಟಿ ಕೊಂಡ ದಿನವೇ ಎರಡು ಮೀನನ್ನೂ ಕವರಿನಲ್ಲಿ ಕಟ್ಟಿಸಿಕೊಂಡು ಬರುವವರು ಬಹಳ ಜನ. ಆ ಮೀನುಗಳು ವಾರ ದಾಟುವುದೇ ಕಷ್ಟ. ನೀನು ಮೊದಲ ಒಂದೂವರೆ ತಿಂಗಳು ನೀರನ್ನು ಮಾತ್ರ ಸಾಕಬೇಕು. ತೊಟ್ಟಿಯಲ್ಲಿ ಕಲ್ಲು, ಮರಳು, ಉಪ್ಪುನೀರು, ಇಷ್ಟೇ ಇರಲಿ. ಮನೆಗೆ ಬಂದವರು ಮೀನೆಲ್ಲಿ ಎಂದು ಕೇಳುತ್ತಾರೆ. ಕೇಳಲಿ ಬಿಡು.

ಮೀನು ತನ್ನ ಕಿವಿರಿನಿಂದಲೇ ಅಮೋನಿಯಾ ಹೊರಹಾಕುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತಾಗಲೂ ಹುಟ್ಟುವುದು ಅದೇ. ಕಡಲಿನಲ್ಲಿ ಅದು ಎಲ್ಲೋ ಕರಗಿ ಹೋಗುತ್ತದೆ. ತೊಟ್ಟಿಯಲ್ಲಿ ಅದಕ್ಕೆ ಹೋಗಲು ದಾರಿಯಿಲ್ಲ, ಮೀನಿನ ಕಿವಿರನ್ನೇ ಸುಡುತ್ತದೆ. ಇದನ್ನು ಅರಗಿಸುವ ಬ್ಯಾಕ್ಟೀರಿಯಾಗಳು ಎರಡು ಬಗೆ. ಒಂದು ಬಗೆ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್ ಐದೋ ಹತ್ತೋ ಪಿಪಿಎಂ ಇದ್ದರೆ ತೊಂದರೆಯಿಲ್ಲ, ಹವಳಕ್ಕೆ ಅದು ಸ್ವಲ್ಪ ಬೇಕು ಕೂಡ. ಈ ಬ್ಯಾಕ್ಟೀರಿಯಾಗಳು ಕಲ್ಲಿನ ಸಂದಿಗಳಲ್ಲಿ, ಮರಳಿನ ಕಾಳುಗಳ ಮೇಲೆ ಅಂಟಿಕೊಂಡು ನಿಧಾನವಾಗಿ ಹೆಚ್ಚುತ್ತವೆ. ಬಾಟಲಿಯಲ್ಲಿ ಮಾರುವ ಬ್ಯಾಕ್ಟೀರಿಯಾ ಹಾಕಬಹುದು. ಬಹುಕಾಲದಿಂದ ಚೆನ್ನಾಗಿ ನಡೆದಿರುವ ತೊಟ್ಟಿಯೊಂದರ ಸಣ್ಣ ಕಲ್ಲು ಸಿಕ್ಕರಂತೂ ಹಾಲಿಗೆ ಹೆಪ್ಪು ಹಾಕಿದ ಹಾಗೆ. ಆ ಕಲ್ಲಿನಲ್ಲಿ ಐಪ್ಟೇಸಿಯಾ ಎಂಬ ಕಂದು ಬಣ್ಣದ ಪುಟ್ಟ ಹೂವಿನಂಥ ಕಳೆ ಇಲ್ಲವೆಂದು ಮಾತ್ರ ಕಣ್ಣಿಟ್ಟು ನೋಡಿ ತಾ. ಒಂದು ಬಂದರೆ ನೂರಾಗುತ್ತದೆ.

ಬ್ಯಾಕ್ಟೀರಿಯಾಗಳ ಊಟಕ್ಕೆ ಅಮೋನಿಯಂ ಕ್ಲೋರೈಡ್ ದ್ರಾವಣ ಹನಿಸಿ ನೀರಿನಲ್ಲಿ ಅಮೋನಿಯಾವನ್ನು 2 ಪಿಪಿಎಂಗೆ ತಾ. ಟೆಸ್ಟ್ ಕಿಟ್ ಇಟ್ಟುಕೊಂಡು ಎರಡು ದಿನಕ್ಕೊಮ್ಮೆ ಅಳೆದು ಒಂದು ನೋಟ್‌ಬುಕ್ಕಿನಲ್ಲಿ ಬರೆ. ಮೊದಲು ಅಮೋನಿಯಾ ಇಳಿಯುತ್ತದೆ, ನೈಟ್ರೈಟ್ ಏರುತ್ತದೆ, ಆಮೇಲೆ ಅದೂ ಇಳಿಯುತ್ತದೆ. ಉಪ್ಪುನೀರಿನಲ್ಲಿ ನೈಟ್ರೈಟ್ ಸಿಹಿನೀರಿನಲ್ಲಿರುವಷ್ಟು ವಿಷವಲ್ಲ, ಆದರೆ ಅದು ಉಳಿದಿದೆಯೆಂದರೆ ಎರಡನೆಯ ಬಗೆಯ ಬ್ಯಾಕ್ಟೀರಿಯಾ ಇನ್ನೂ ನೆಲೆಯೂರಿಲ್ಲ ಎಂದು ತಿಳಿ. ಇವತ್ತು ಸಂಜೆ ಹಾಕಿದ 2 ಪಿಪಿಎಂ ಅಮೋನಿಯಾ ನಾಳೆ ಸಂಜೆಯೊಳಗೆ ಸೊನ್ನೆಯಾಗಿ, ನೈಟ್ರೈಟೂ ಸೊನ್ನೆ ತೋರಿಸಿದರೆ ನೀರು ಸಿದ್ಧವಾಯಿತು. ನಾಲ್ಕು ವಾರದಲ್ಲಿ ಆಗಬಹುದು, ಎಂಟು ವಾರವೂ ಹಿಡಿಯಬಹುದು. ಒಂದೆರಡು ಗಟ್ಟಿ ಮೀನು ಬಿಟ್ಟು ಅವುಗಳ ಕೊಳೆಯಿಂದಲೇ ಈ ಕೆಲಸ ಮಾಡಿಸು ಎಂದು ಹೇಳುವವರು ಸಿಗುತ್ತಾರೆ. ಬೇಡ ಮಗಳೇ. ಬಾಟಲಿಯ ದ್ರಾವಣದಿಂದ ಆಗುವ ಕೆಲಸಕ್ಕೆ ಒಂದು ಜೀವ ದಿನವಿಡೀ ಕಿವಿರು ಸುಟ್ಟುಕೊಂಡು ಒದ್ದಾಡಬೇಕೇ?

ಇನ್ನು ನೀರು ಎಲ್ಲಿಂದ ತರುವುದು. ನಿಮ್ಮ ನಲ್ಲಿಯಲ್ಲಿ ಬರುವ ಕಾವೇರಿ ನೀರಿನಲ್ಲಿ ಕ್ಲೋರಿನ್ ಇದೆ. ಬೇಸಿಗೆಯಲ್ಲಿ ಅಪಾರ್ಟ್‌ಮೆಂಟಿನವರು ಬೋರ್‌ವೆಲ್ ನೀರು ಬೆರೆಸಿದರೆ ಅದರ ಗಡಸುತನವೂ ಸೇರುತ್ತದೆ. ಅಡುಗೆಮನೆಯ ಆರ್‌ಒ ಸಾಕೆಂದುಕೊಳ್ಳಬೇಡ, ರುಚಿಗೆಂದು ಅದರಲ್ಲಿ ಖನಿಜಗಳನ್ನು ಮತ್ತೆ ಸೇರಿಸುವ ವ್ಯವಸ್ಥೆ ಇರುತ್ತದೆ. ಆರ್‌ಒ ಆದ ಮೇಲೆ ಉಳಿದ ಲವಣವನ್ನೂ ಹಿಡಿಯುವ ಡಿಐ ರೆಸಿನ್ ಮೂಲಕ ಹಾಯಿಸಿ, ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಸೊನ್ನೆ ತೋರಿಸಿದ ನೀರು ಬೇಕು. ಆರ್‌ಒ ಹೊರಗೆ ಬಿಡುವ ನೀರನ್ನು ನೆಲ ಒರೆಸಲು ಹಿಡಿದಿಟ್ಟುಕೊ, ಬೆಂಗಳೂರಿನಲ್ಲಿ ಅದನ್ನು ಚರಂಡಿಗೆ ಬಿಡುವುದು ಸರಿಯಲ್ಲ. ಇನ್ನೊಂದು ವಿಷಯ: ನಿನ್ನ ಅಮ್ಮ ಕೊಟ್ಟ ತಾಮ್ರದ ಹಂಡೆ, ಬಿಂದಿಗೆ ಏನೇ ಇರಲಿ, ತೊಟ್ಟಿಯ ನೀರನ್ನು ಅದರಲ್ಲಿ ತುಂಬಬೇಡ. ನಮಗೆ ಒಳ್ಳೆಯದೆನ್ನುವ ತಾಮ್ರ ಸೀಗಡಿಗೆ, ಶಂಖದ ಹುಳುವಿಗೆ, ಹವಳಕ್ಕೆ ವಿಷ. ಮೀನಿನ ಬಿಳಿಚುಕ್ಕೆ ರೋಗಕ್ಕೆ ಕೊಡುವ ತಾಮ್ರದ ಔಷಧಿಯನ್ನೂ ಹವಳದ ತೊಟ್ಟಿಗೆ ಹಾಕುವಂತಿಲ್ಲ, ಬೇರೆ ಪಾತ್ರೆಯಲ್ಲಿ ಮೀನನ್ನಿಟ್ಟು ಕೊಡಬೇಕು. ಹಾಗಾಗಿ ಹೊಸ ಮೀನನ್ನು ಮೊದಲು ಒಂದು ತಿಂಗಳು ಬೇರೆ ಸಣ್ಣ ತೊಟ್ಟಿಯಲ್ಲಿಟ್ಟು ನೋಡಿಯೇ ಒಳಗೆ ಬಿಡು.

ಕಡಲಿನ ನೀರಿನ ಪ್ರತಿ ಲೀಟರಿನಲ್ಲಿ ಸುಮಾರು 35 ಗ್ರಾಂ ಉಪ್ಪಿದೆ. ಅದು ಅಡುಗೆಯ ಉಪ್ಪೊಂದೇ ಅಲ್ಲ. ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ, ಸಲ್ಫೇಟ್ ಎಲ್ಲ ಗೊತ್ತಾದ ಪ್ರಮಾಣದಲ್ಲಿವೆ. ಆದ್ದರಿಂದ ಹವಳದ ತೊಟ್ಟಿಗೆಂದೇ ತಯಾರಿಸಿದ ಉಪ್ಪನ್ನು ಕೊಳ್ಳು. ಊರಿನಿಂದ ಕ್ಯಾನಿನಲ್ಲಿ ಸಮುದ್ರದ ನೀರು ಕಳಿಸಿ ಎಂದು ನೀನು ಕೇಳುತ್ತೀ, ಗೊತ್ತು. ನಮ್ಮ ಕರಾವಳಿಯಲ್ಲಿ ಹೆಜ್ಜೆಹೆಜ್ಜೆಗೂ ನದಿ ಬಂದು ಸೇರುತ್ತದೆ, ಮಳೆಗಾಲದಲ್ಲಿ ದಡದ ನೀರಿನ ಉಪ್ಪು ಬಹಳ ಇಳಿದುಬಿಡುತ್ತದೆ. ಬಂದರಿನ ಹತ್ತಿರ ಡೀಸೆಲ್ ಎಣ್ಣೆ ತೇಲುತ್ತಿರುತ್ತದೆ. ಆ ನೀರು ಬೇಡ. ಬಕೆಟ್ಟಿನಲ್ಲಿ ಉಪ್ಪು ಹಾಕಿ, ಸಣ್ಣ ಪಂಪು ಬಿಟ್ಟು ರಾತ್ರಿಯಿಡೀ ತಿರುಗಿಸು, ಬೆಳಿಗ್ಗೆ ಉಪ್ಪಿನಂಶ ತೋರಿಸುವ ರಿಫ್ರಾಕ್ಟೋಮೀಟರಿನಲ್ಲಿ ಅಳೆ. ಸಾಪೇಕ್ಷ ಸಾಂದ್ರತೆ 1.025ರ ಆಸುಪಾಸಿನಲ್ಲಿರಬೇಕು. ಆ ಮೀಟರನ್ನೂ ಆಗಾಗ ಪ್ರಮಾಣಿತ ದ್ರಾವಣದಿಂದ ಸರಿಮಾಡಿಕೊಳ್ಳಬೇಕು, ಇಲ್ಲದಿದ್ದರೆ ಅದು ಸುಳ್ಳು ಹೇಳುತ್ತದೆ.

ಸಣ್ಣ ತೊಟ್ಟಿ ಸುಲಭವೆಂಬ ನಂಬಿಕೆಯನ್ನು ಇವತ್ತೇ ಬಿಟ್ಟುಬಿಡು. ಒಂದು ಲೆಕ್ಕ ಹೇಳುತ್ತೇನೆ. ದಿನಕ್ಕೆ ಒಂದೂವರೆ ಲೀಟರ್ ನೀರು ಆವಿಯಾಯಿತು ಅನ್ನು. ಆವಿಯಾಗುವುದು ನೀರು ಮಾತ್ರ, ಉಪ್ಪು ಒಳಗೇ ಉಳಿಯುತ್ತದೆ. 30 ಲೀಟರಿನ ತೊಟ್ಟಿಯಲ್ಲಿ 35 ಇದ್ದ ಉಪ್ಪು ಒಂದೇ ದಿನದಲ್ಲಿ 36.8 ಆಗುತ್ತದೆ. 120 ಲೀಟರಿನ ತೊಟ್ಟಿಯಲ್ಲಿ ಅದೇ 35.4ಕ್ಕೆ ನಿಲ್ಲುತ್ತದೆ. ಶಾಖ, ಅಮೋನಿಯಾ, ಒಂದು ಶಂಖದ ಹುಳು ಮೂಲೆಯಲ್ಲಿ ಸತ್ತು ಕೊಳೆಯುವುದು, ಎಲ್ಲದಕ್ಕೂ ಇದೇ ಲೆಕ್ಕ. ಎರಡಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿ ಸುಮಾರು 120 ಲೀಟರ್ ಹಿಡಿಯುತ್ತದೆ. ನಿನ್ನಂಥ ಕೆಲಸಕ್ಕೆ ಹೋಗುವ ಹುಡುಗಿಗೆ ಅದು ತಕ್ಕ ಅಳತೆ. ಆವಿಯಾದದ್ದನ್ನು ತುಂಬುವಾಗ ಉಪ್ಪಿಲ್ಲದ ಆರ್‌ಒ ಡಿಐ ನೀರನ್ನೇ ಹಾಕು. ಮಟ್ಟ ಇಳಿದ ಹಾಗೆ ತಾನಾಗಿ ತುಂಬುವ ಸಾಧನವೂ ಬರುತ್ತದೆ. ಬೇರೆ ಅಲಂಕಾರಕ್ಕೆ ಹಣ ಹಾಕುವ ಮೊದಲು ಅದನ್ನು ಕೊಳ್ಳು. ವಾರಕ್ಕೊಮ್ಮೆ ಹತ್ತನೇ ಒಂದು ಭಾಗ, ಅಂದರೆ 12 ಲೀಟರ್, ಹೊಸ ಉಪ್ಪುನೀರಿನಿಂದ ಬದಲಿಸು. ಇದನ್ನು ತಪ್ಪದೆ ಮಾಡಿದರೆ ಇಷ್ಟು ಚಿಕ್ಕ ತೊಟ್ಟಿಗೆ, ಕೊಳೆಯನ್ನು ನೊರೆಯಾಗಿ ತೆಗೆಯುವ ಪ್ರೋಟೀನ್ ಸ್ಕಿಮ್ಮರ್ ಇಲ್ಲದೆಯೂ ನಡೆಯುತ್ತದೆ.

ತೊಟ್ಟಿ, ನೀರು, ಕಲ್ಲು, ಸ್ಟ್ಯಾಂಡ್ ಸೇರಿದರೆ ತೂಕ 180 ಕಿಲೋ ಆಸುಪಾಸು. ಟಿವಿ ಮೇಜಿನ ಮೇಲೆ ಇಡುವ ವಸ್ತುವಲ್ಲ. ಗೋಡೆಗೆ ಹತ್ತಿರ, ಬಿಸಿಲು ನೇರ ಬೀಳದ ಕಡೆ, ಮಟ್ಟಸ ನೋಡಿ ಇಡು, ಮನೆ ಓನರಿಗೆ ಮೊದಲೇ ಹೇಳು. ವೈರುಗಳನ್ನು ಪ್ಲಗ್ಗಿಗಿಂತ ಕೆಳಗೆ ಜೋತುಬೀಳುವಂತೆ ಬಿಡು, ತೊಟ್ಟಿಕ್ಕಿದ ಉಪ್ಪುನೀರು ವೈರಿನಗುಂಟ ಹರಿದು ಪ್ಲಗ್ಗಿಗೆ ಸೇರದೆ ಕೆಳಗೆ ಬೀಳುತ್ತದೆ. ಮನೆಯ ಬೋರ್ಡಿನಲ್ಲಿ ಕರೆಂಟ್ ಸೋರಿದರೆ ಕೂಡಲೇ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದೆಯೇ ಎಂದು ಎಲೆಕ್ಟ್ರಿಷಿಯನ್ನನ್ನು ಕರೆಸಿ ನೋಡಿಸು. ಅದು ಇಲ್ಲದ ಮನೆಯಲ್ಲಿ ಉಪ್ಪುನೀರಿಗೆ ಕೈ ಹಾಕಬೇಡ.

ಹವಳವೆಂದರೆ ಜೀವಿ. ಅದರ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ವಾಸವಾಗಿದ್ದು, ಬೆಳಕಿನಿಂದ ಆಹಾರ ತಯಾರಿಸಿ ಹವಳಕ್ಕೂ ಕೊಡುತ್ತದೆ. ಶಾಖ ಏರಿದರೆ ಈ ಕೂಡುಬಾಳು ಮುರಿಯುತ್ತದೆ, ಹವಳ ಆ ಪಾಚಿಯನ್ನು ಹೊರದಬ್ಬಿ ಬೆಳ್ಳಗಾಗುತ್ತದೆ. ಬೇಸಿಗೆಯ ಗರಿಷ್ಠ ಶಾಖಕ್ಕಿಂತ ಒಂದೇ ಡಿಗ್ರಿ ಹೆಚ್ಚಾಗಿ ಕೆಲವು ವಾರ ನಿಂತರೆ ಕಡಲಿನಲ್ಲೂ ಇದೇ ಆಗುತ್ತದೆ. ಲಕ್ಷದ್ವೀಪದ ಹವಳ 1998, 2010, 2016ರಲ್ಲಿ, ಮತ್ತೆ 2024ರಲ್ಲಿ ಹೀಗೆ ಬೆಳ್ಳಗಾಯಿತು. ನಿನ್ನ ತೊಟ್ಟಿ 25ರಿಂದ 27 ಡಿಗ್ರಿಯಲ್ಲಿರಲಿ. ಬೆಂಗಳೂರಿನ ಏಪ್ರಿಲಿನಲ್ಲಿ ನೀರಿನ ಮೇಲೆ ಸಣ್ಣ ಫ್ಯಾನ್ ಬೀಸಿದರೆ ಎರಡು ಮೂರು ಡಿಗ್ರಿ ಇಳಿಯುತ್ತದೆ, ಅಲ್ಲಿನ ಗಾಳಿ ಒಣಗಾಳಿ. ನಮ್ಮ ಕರಾವಳಿಯ ಸೆಕೆಯಲ್ಲಿ ಆವಿಯೇ ಸರಿಯಾಗಿ ಏಳದು, ಇಲ್ಲಿ ಫ್ಯಾನಿನಿಂದ ಅಷ್ಟು ಪ್ರಯೋಜನವಿಲ್ಲ, ಚಿಲ್ಲರ್ ಬೇಕೇ ಬೇಕು. ಆ ವಿಷಯದಲ್ಲಿ ನೀನು ಅದೃಷ್ಟವಂತೆ.

ನೀರು ನಿಲ್ಲಬಾರದು. ಗಂಟೆಗೆ ತೊಟ್ಟಿಯ ನೀರಿನ ಇಪ್ಪತ್ತು ಪಟ್ಟು, ಅಂದರೆ 2400 ಲೀಟರಿನಷ್ಟು, ನೀರು ತಿರುಗಿಸುವ ಪಂಪಾದ ಪವರ್‌ಹೆಡ್ಡಿನಿಂದ ತಿರುಗಬೇಕು. ಹವಳ ಎದ್ದು ಊಟ ಹುಡುಕಿ ಹೋಗುವುದಿಲ್ಲ. ಊಟ, ಆಮ್ಲಜನಕ ಎರಡನ್ನೂ ನೀರೇ ತಂದುಕೊಡಬೇಕು, ಕೊಳೆಯನ್ನು ನೀರೇ ಒಯ್ಯಬೇಕು. ಇದನ್ನು ಮೊದಲು ಕಂಡುಕೊಂಡವರಲ್ಲಿ ಆನಾ ಥಿನ್ ಎಂಬ ಹೆಂಗಸು ಒಬ್ಬರು. 1846ರಲ್ಲಿ ಇಂಗ್ಲೆಂಡಿನ ಟಾರ್ಕಿ ಎಂಬ ಕಡಲೂರಿನಲ್ಲಿ ಚಳಿನೀರಿನ ಸಣ್ಣ ಹವಳಗಳನ್ನು ನೋಡಿ ಮನಸೋತು, ಸೂಜಿದಾರದಿಂದ ಅವನ್ನು ಸ್ಪಂಜಿಗೆ ಹೊಲಿದು, ಜಾಡಿಯಲ್ಲಿ ಲಂಡನ್ನಿಗೆ ಒಯ್ದರು. ಆಗ ಪಂಪಿಲ್ಲ, ಕರೆಂಟಿಲ್ಲ. ಅವರ ಮನೆಗೆಲಸದಾಕೆ ದಿನವೂ ಮುಕ್ಕಾಲು ಗಂಟೆಯವರೆಗೆ ತೆರೆದ ಕಿಟಕಿಯ ಮುಂದೆ ನಿಂತು, ಆ ಉಪ್ಪುನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿಯುತ್ತಿದ್ದಳು. ನೀರಿಗೆ ಗಾಳಿ ಬೆರೆತು ಹವಳ ಬದುಕಿತು. ಮನೆಯೊಳಗೆ ಹವಳ ಬಾಳಿಸಿದ ಮೊದಲಿಗರ ಸಾಲಿನಲ್ಲಿ ಇವತ್ತು ಆನಾ ಥಿನ್ ಹೆಸರಿದೆ. ಕೈಸೋತರೂ ಸುರಿದವಳನ್ನೂ ಅದೇ ಸಾಲಿನಲ್ಲಿ ನಿಲ್ಲಿಸಬೇಕು ಎಂಬುದು ನನ್ನ ಅಭಿಪ್ರಾಯ.

ನಿಮ್ಮಲ್ಲಿ ಕರೆಂಟ್ ಹೋದಾಗ ಮಾಡಬೇಕಾದದ್ದೂ ಅದೇ. ಪಂಪು ನಿಂತ ಕೂಡಲೇ ನೀರಿನ ಆಮ್ಲಜನಕ ಇಳಿಯತೊಡಗುತ್ತದೆ. ಪವರ್‌ಹೆಡ್ಡನ್ನು ಇನ್ವರ್ಟರ್ ಲೈನಿಗೆ ಹಾಕಿಸು. ಜೊತೆಗೆ ಬ್ಯಾಟರಿಯಿಂದ ನಡೆಯುವ ಸಣ್ಣ ಏರ್ ಪಂಪು ಒಂದಿರಲಿ. ಎರಡೂ ಕೈಕೊಟ್ಟರೆ ಪ್ಲಾಸ್ಟಿಕ್ ಜಗ್ಗಿನಲ್ಲಿ ನೀರನ್ನು ಮೊಗೆದು ಎತ್ತರದಿಂದ ಸುರಿ, ಕೆಲವು ನಿಮಿಷ ಬಿಟ್ಟು ಮತ್ತೆ ಸುರಿ. ಆಗ ದೀಪದ ಚಿಂತೆ ಬೇಡ, ಒಂದು ದಿನ ಕತ್ತಲಾದರೆ ಹವಳ ಸಾಯುವುದಿಲ್ಲ. ದೀಪಕ್ಕೆ ದಿನಕ್ಕೆ ಎಂಟು ಗಂಟೆ ಟೈಮರ್ ಇಟ್ಟು, ಮೊದಲು ಕಡಿಮೆ ಪ್ರಖರತೆಯಿಂದ ಶುರುಮಾಡಿದರೆ ಸಾಕು.

ಎರಡನೆಯ, ಮೂರನೆಯ ತಿಂಗಳಲ್ಲಿ ತೊಟ್ಟಿ ಕೆಟ್ಟದಾಗಿ ಕಾಣುತ್ತದೆ. ಕಲ್ಲಿನ ಮೇಲೆ ಕಂದು ಧೂಳಿನಂಥ ಡಯಾಟಂ, ಆಮೇಲೆ ಹಸಿರು ಕೂದಲಿನ ಪಾಚಿ, ಕೆಲವೊಮ್ಮೆ ಕೆಂಗಂದು ಲೋಳೆ. ಅಂಗಡಿಯವರು ಈ ಹೊತ್ತಿಗೇ ಬಗೆಬಗೆಯ ಔಷಧಿ ಕೊಡುತ್ತಾರೆ. ಹಾಕಬೇಡ. ಊಟ ಕಡಿಮೆ ಮಾಡು, ನೀರು ಬದಲಿಸು, ಟ್ರೋಕಸ್ ಜಾತಿಯ ನಾಲ್ಕಾರು ಶಂಖದ ಹುಳುಗಳನ್ನು ಬಿಡು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕಲ್ಲು ಉಜ್ಜು. ಕಲ್ಲಿನ ಮೇಲೆ ನೇರಳೆ ಬಣ್ಣದ ಗಟ್ಟಿ ಲೇಪ ಕಾಣಿಸಿಕೊಳ್ಳುವ ಹೊತ್ತಿಗೆ ಇದೆಲ್ಲ ಇಳಿದಿರುತ್ತದೆ.

ಮೀನಿನ ವಿಷಯದಲ್ಲಿ ನಾನು ಹಟ ಹಿಡಿಯುತ್ತೇನೆ. 120 ಲೀಟರಿಗೆ ಎರಡು ಕ್ಲೌನ್ ಮೀನು, ಕೆಲವು ತಿಂಗಳ ಮೇಲೆ ಒಂದು ಗೋಬಿ ಮೀನು. ಅಷ್ಟು ಸಾಕು. ಕ್ಲೌನ್ ಮೀನುಗಳು ಮೊದಲು ಗಂಡಾಗಿ ಬೆಳೆಯುತ್ತವೆ, ಆಮೇಲೆ ಜೋಡಿಯಲ್ಲಿ ದೊಡ್ಡದು ಹೆಣ್ಣಾಗುತ್ತದೆ. ಚೆನ್ನಾಗಿ ನೋಡಿಕೊಂಡರೆ ಇಪ್ಪತ್ತು ವರ್ಷ ಬಾಳಬಲ್ಲವು. ಸಾಕಣೆಯಲ್ಲೇ ಹುಟ್ಟಿದ ಮರಿಗಳನ್ನು ಕೇಳಿ ಕೊಳ್ಳು. ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ನಮ್ಮ ದೇಶದಲ್ಲೇ ಇವುಗಳ ಮರಿ ಮಾಡಿಸುವ ವಿಧಾನ ರೂಪಿಸಿದೆ, ಆದ್ದರಿಂದ ಕಡಲಿನಿಂದ ಹಿಡಿದದ್ದು ನಿನಗೆ ಬೇಕಿಲ್ಲ. ಫಿಲಿಪ್ಪೀನ್ಸಿನಲ್ಲಿ 1960ರ ದಶಕದಿಂದ ಅಲಂಕಾರದ ಮೀನು ಹಿಡಿಯಲು ಹವಳದ ಸಂದಿಗೆ ಸಯನೈಡ್ ಸಿಂಪಡಿಸುವ ಪದ್ಧತಿ ಬಂತು. ಮೀನು ಮಂಕಾಗಿ ಕೈಗೆ ಸಿಗುತ್ತದೆ, ಸುತ್ತಲಿನ ಹವಳ ಸಾಯುತ್ತದೆ, ಮೀನೂ ಹೆಚ್ಚು ದಿನ ಉಳಿಯದು. ಸಿನಿಮಾದಲ್ಲಿ ನೋಡಿದ ನೀಲಿ ಟ್ಯಾಂಗ್ ಬೇಕೆಂದು ನಿನಗೆ ಅನಿಸುತ್ತದೆ. ಅದು ಒಂದಡಿ ಬೆಳೆಯುವ, ದಿನವಿಡೀ ಈಜುವ ಮೀನು, ಎರಡಡಿ ಗಾಜಿನೊಳಗೆ ಅದಕ್ಕೆ ಬದುಕಿಲ್ಲ. ಬಣ್ಣಬಣ್ಣದ ಮ್ಯಾಂಡರಿನ್ ಮೀನು ಹಗಲೆಲ್ಲ ಕಲ್ಲಿನ ಮೇಲಿನ ಸೂಕ್ಷ್ಮ ಜೀವಿಗಳನ್ನೇ ಆಯ್ದು ತಿನ್ನುವಂಥದು, ಹೊಸ ತೊಟ್ಟಿಯಲ್ಲಿ ಹಸಿವಿನಿಂದ ಸಾಯುತ್ತದೆ. ಕಡಲ್ಗುದುರೆಯನ್ನು ನಮ್ಮ ಕಾನೂನೇ ರಕ್ಷಿಸಿದೆ, ಯಾರಾದರೂ ಮಾರಲು ಬಂದರೆ ಬೇಡವೆಂದು ಹೇಳಿ ಬಾ.

ಕಾನೂನಿನ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಅಂಗಡಿಯಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ದಿಬ್ಬ ಕಟ್ಟುವ ಗಟ್ಟಿ ಹವಳಗಳು, ಕರಿಹವಳ, ಸಮುದ್ರ ಬೀಸಣಿಗೆ, ಬೆಂಕಿಹವಳ ಇವೆಲ್ಲವನ್ನೂ 2001ರಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಗೆ ಸೇರಿಸಿದರು. ಅಂದರೆ ಹುಲಿಗೆ ಇರುವ ರಕ್ಷಣೆಯೇ ಈ ಹವಳಗಳಿಗೂ ಇದೆ. ಸತ್ತ ಹವಳದ ತುಂಡು ಕೂಡ ಇದರಲ್ಲಿ ಸೇರುತ್ತದೆ. ಇವನ್ನು ಕೀಳುವುದು, ಮಾರುವುದು ಮೂರರಿಂದ ಏಳು ವರ್ಷ ಜೈಲಾಗಬಹುದಾದ ಅಪರಾಧ. ಹೊರದೇಶದಿಂದ ಬಂದ ಗಟ್ಟಿ ಹವಳವೂ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಪಟ್ಟಿಯಲ್ಲಿದೆ, ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿಯ ಪ್ರಕಾರ ಅಂಥ ಜೀವಿಗಳನ್ನು ಇಟ್ಟುಕೊಂಡವರು ನೋಂದಾಯಿಸಬೇಕು. ಆದ್ದರಿಂದ ನೀನು ಗಟ್ಟಿ ಹವಳದ ಆಸೆಯನ್ನೇ ಬಿಡು. ತೊಟ್ಟಿಗೆ ಹಾಕುವ ಕಲ್ಲನ್ನೂ ಮನುಷ್ಯರು ತಯಾರಿಸಿದ್ದನ್ನೇ ಕೊಳ್ಳು, ‘ಲೈವ್ ರಾಕ್’ ಎಂದು ಕೊಡುವುದು ಎಲ್ಲೋ ಒಡೆದು ತಂದ ದಿಬ್ಬದ ಚೂರಾಗಿರಬಹುದು. ಅಣಬೆ ಹವಳ, ತೊಗಲು ಹವಳ, ಜೋಆಂಥಿಡ್ ಇಂಥ ಮೆತ್ತನೆಯವು ತೊಟ್ಟಿಗಳಲ್ಲೇ ತುಂಡಿನಿಂದ ತುಂಡು ಬೆಳೆಯುತ್ತವೆ. ಅವುಗಳನ್ನೂ ಎಲ್ಲಿ ಬೆಳೆಸಿದ್ದೆಂದು ಕೇಳಿ, ಬಿಲ್ಲು ಪಡೆದು ತಾ. ಉತ್ತರ ತಡವರಿಸಿದರೆ ಅಂಗಡಿ ಬದಲಿಸು. ಕಾನೂನು ಇಲ್ಲದಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ. ಮುರ್ಡೇಶ್ವರದಿಂದ ದೋಣಿಯಲ್ಲಿ ಹೋದರೆ ಸಿಗುವ ನೇತ್ರಾಣಿ ದ್ವೀಪದ ಸುತ್ತ ನಮ್ಮದೇ ಹವಳವಿದೆ. ಮಳೆಗಾಲ ಕಳೆದ ಮೇಲೆ ಒಮ್ಮೆ ಬಾ, ನೀರಿಗಿಳಿದು ನೋಡು, ಏನನ್ನೂ ಮುಟ್ಟದೆ ಬಾ. ಅದನ್ನು ನೋಡಿದವರಿಗೆ ಅಲ್ಲಿಂದ ಒಂದು ಚೂರು ಕೀಳುವ ಮನಸ್ಸು ಬರುವುದಿಲ್ಲ.

ಜೋಆಂಥಿಡ್ ಎಂದೆನಲ್ಲ, ಅದರ ಬಗ್ಗೆ ಒಂದು ಎಚ್ಚರಿಕೆ. ಅವುಗಳ ಕೆಲವು ಬಗೆಗಳಲ್ಲಿ, ಅದರಲ್ಲೂ ಪಾಲಿಥೋವಾ ಎಂಬುದರಲ್ಲಿ, ಪಾಲಿಟಾಕ್ಸಿನ್ ಎಂಬ ಘೋರ ವಿಷವಿದೆ. ಮುಟ್ಟುವಾಗ ಗ್ಲೌಸು, ಕನ್ನಡಕ ಹಾಕು, ಕೈಯಲ್ಲಿ ಗಾಯವಿದ್ದರೆ ಮುಟ್ಟಲೇಬೇಡ. ಅವು ಅಂಟಿಕೊಂಡ ಕಲ್ಲನ್ನು ಕುದಿಯುವ ನೀರಿಗೆ ಹಾಕುವುದು, ಬಿಸಿನೀರಿನಲ್ಲಿ ಉಜ್ಜುವುದು ಎಂದಿಗೂ ಬೇಡ, ಆವಿಯಲ್ಲಿ ವಿಷ ಏಳುತ್ತದೆ. 2018ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರಿನಲ್ಲಿ ಮನೆಯ ತೊಟ್ಟಿಯ ಹವಳದಿಂದ ಈ ವಿಷ ಗಾಳಿಗೆ ಸೇರಿ, ಮನೆಯವರ ಜೊತೆಗೆ ನೆರವಿಗೆ ಬಂದ ಸಿಬ್ಬಂದಿಯೂ ಆಸ್ಪತ್ರೆ ಸೇರಬೇಕಾಯಿತು. ಮನೆಗೆ ಮಕ್ಕಳು ಬಂದಾಗ ತೊಟ್ಟಿಗೆ ಕೈ ಹಾಕದಂತೆ ನೋಡಿಕೊ. ನಿನಗೆ ಧೈರ್ಯ ಸಾಲದಿದ್ದರೆ ಜೋಆಂಥಿಡ್ ತರಲೇಬೇಡ, ಅಣಬೆ ಹವಳವೊಂದೇ ತೊಟ್ಟಿಯನ್ನು ತುಂಬುತ್ತದೆ.

ಮುಂದೆ ಕೆಲಸ ಬದಲಾಗಿ ನೀನು ಬೇರೆ ಊರಿಗೆ ಹೋಗಬೇಕಾಗಬಹುದು. ತೊಟ್ಟಿಯನ್ನು ವಹಿಸಿಕೊಳ್ಳುವವರು ಯಾರೆಂದು ಈಗಲೇ ಯೋಚಿಸು. ಒಂದು ಜೀವಿಯನ್ನೂ, ಒಂದೆಳೆ ಪಾಚಿಯನ್ನೂ ಕಡಲಿಗಾಗಲಿ ಕೆರೆಗಾಗಲಿ ಬಿಡಬೇಡ. ಅಕ್ವೇರಿಯಮ್ಮಿನ ಅಲಂಕಾರಕ್ಕೆ ಬೆಳೆಸುತ್ತಿದ್ದ ಕೌಲರ್ಪಾ ಎಂಬ ಪಾಚಿ 1984ರಲ್ಲಿ ಮೊನಾಕೊದ ಕಡಲತಡಿಯಲ್ಲಿ ಸುಮಾರು ಒಂದು ಚದರ ಮೀಟರಿನಷ್ಟು ಕಾಣಿಸಿಕೊಂಡಿತು, ಮುಂದೆ ಮೆಡಿಟರೇನಿಯನ್ನಿನ ಸಾವಿರಾರು ಹೆಕ್ಟೇರ್ ತಳವನ್ನು ಮುಚ್ಚಿತು. ನಮ್ಮ ಕಡೆಯ ಕಡಲಿನ ಸಿಂಹಮೀನು 1985ರಲ್ಲಿ ಫ್ಲೋರಿಡಾದ ನೀರಿನಲ್ಲಿ ಕಂಡುಬಂದು, ಈಗ ಕೆರಿಬಿಯನ್ನಿನ ದಿಬ್ಬಗಳ ಸಣ್ಣ ಮೀನುಗಳನ್ನು ನುಂಗುತ್ತಿದೆ. ವಾರವಾರ ತೆಗೆದ ಹಳೆಯ ಉಪ್ಪುನೀರನ್ನು ಬಚ್ಚಲಿಗೆ ಸುರಿ, ತುಳಸಿ ಕುಂಡಕ್ಕೆ ಹಾಕಬೇಡ, ಗಿಡ ಒಣಗುತ್ತದೆ.

ಹಣದ ವಿಷಯ ನಿನ್ನ ಅಪ್ಪನ ಹತ್ತಿರ ನಾನು ಮಾತಾಡುತ್ತೇನೆ. ನೀನು ಮೊದಲು ಟಿಡಿಎಸ್ ಮೀಟರು, ರಿಫ್ರಾಕ್ಟೋಮೀಟರು, ಅಮೋನಿಯಾ ಮತ್ತು ನೈಟ್ರೈಟಿನ ಟೆಸ್ಟ್ ಕಿಟ್ಟು ತಂದಿಟ್ಟುಕೊ. ನೋಟ್‌ಬುಕ್ಕಿನಲ್ಲಿ ಬರೆದದ್ದನ್ನು ವಾರಕ್ಕೊಮ್ಮೆ ಫೋಟೊ ತೆಗೆದು ನನಗೆ ಕಳಿಸು. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸಿದ ದಿನ ಫೋನ್ ಮಾಡು, ಮೀನು ಆರಿಸಲು ನಾನೂ ಬೆಂಗಳೂರಿಗೆ ಬರುತ್ತೇನೆ.